ಅರವತ್ತಾರು ಕೆಜಿಯ ಬಾಡಿಗೆದಾರ

ನಮ್ಮ ಮನೆಯ ಮಹಡಿಗೆ ಬ್ರೆಜಿಲ್ ದೇಶದವನೊಬ್ಬ ಬಾಡಿಗೆಗೆ ಬಂದ ದಿನದಿಂದ ಕಗ್ಗದಾಸಪುರದಲ್ಲಿ ನನಗಿಂತ ದೊಡ್ಡ ಮನುಷ್ಯ ಇನ್ನೊಬ್ಬನಿರಲಿಲ್ಲ. ಇದು ನನ್ನ ಅಭಿಪ್ರಾಯ. ಉಳಿದವರನ್ನು ನಾನು ಕೇಳಲು ಹೋಗಲಿಲ್ಲ. ಆಗ ನನಗೆ ಇಪ್ಪತ್ತೊಂಬತ್ತು. ಬಿ.ಎ. ಮುಗಿಸಿ ಆರು ವರ್ಷದಿಂದ ‘ಮನೆಗಳನ್ನು ನೋಡಿಕೊಳ್ಳುತ್ತಿದ್ದೆ.’ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಏಳು ಮನೆಗಳು ಎದ್ದಿದ್ದವು. ಅವು ಎಲ್ಲಿಗೂ ಓಡಿಹೋಗದಂತೆ ಕಾಯುವುದೇ ನನ್ನ ಕೆಲಸ. ಏಳರಲ್ಲಿ ಒಂದೂ ಓಡಿಹೋಗಲಿಲ್ಲ, ಅಷ್ಟು ಶ್ರದ್ಧೆಯಿಂದ ಕಾದಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಇಂದಿರಾನಗರದಲ್ಲಿ ಹೊಸದಾಗಿ ತೆರೆದಿದ್ದ ಒಂದು ಜಿಮ್‌ನವರು ಅವನನ್ನು ಕಾಳಗ ಕಲಿಸಲು ಕರೆಸಿದ್ದರು. ಕಾಳಗವೆಂದರೆ ಹಲಸೂರಿನ ಗರಡಿಯ ಕುಸ್ತಿಯಲ್ಲ. ಗುದ್ದಬಹುದು, ಒದೆಯಬಹುದು, ಕೆಡವಿಕೊಂಡು ಕತ್ತು ಹಿಚುಕಬಹುದು. ಇಷ್ಟೆಲ್ಲ ಆದಮೇಲೆ ತಬ್ಬಿಕೊಳ್ಳಬೇಕು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂದು ಅದರ ಹೆಸರು. ನಮ್ಮ ದಾಯಾದಿಗಳು ಜಮೀನು ಭಾಗ ಮಾಡಿಕೊಂಡಾಗ ಇದನ್ನೇ ಮಾಡಿದ್ದರು, ತಬ್ಬಿಕೊಳ್ಳುವುದೊಂದನ್ನು ಬಿಟ್ಟು.

ಅವನದು ಫೆದರ್‌ವೇಟ್. ಪಂದ್ಯದ ಹಿಂದಿನ ದಿನ ತೂಕ ಹಾಕಿದಾಗ ಅರವತ್ತಾರು ಕೆಜಿ ಮೀರಿರಬಾರದು. ಇದನ್ನು ಅಮ್ಮನಿಗೆ ‘ಗರಿಯ ತೂಕದವನು’ ಎಂದು ವಿವರಿಸಿದೆ.

“ಕೋಳಿ ಪುಕ್ಕದ ತೂಕ ಇಟ್ಕೊಂಡು ಯಾರ್ನ ಹೊಡೀತಾನಂತೆ? ಗಾಳಿ ಬಂದ್ರೆ ಇವ್ನೇ ಹಾರೋಯ್ತಾನೆ,” ಎಂದಳು ಅಮ್ಮ. ಅಂದಿನಿಂದಲೇ ಅವನನ್ನು ದಪ್ಪ ಮಾಡುವ ಕೆಲಸ ಕೈಗೆತ್ತಿಕೊಂಡಳು.

ಅವನ ಇಂಗ್ಲಿಷ್ ಹರಕು, ನನ್ನದು ಅದಕ್ಕಿಂತ ಹರಕು. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಸಂಜೆ ನಮ್ಮ ಹಾಲ್‌ನಲ್ಲಿ ಕೂತು ತನ್ನ ಹಳೆಯ ಪಂದ್ಯಗಳ ಸಿ.ಡಿ. ಹಾಕುತ್ತಿದ್ದ. ಅವನಿಗಾಗ ಮೂವತ್ತಾರು, ಹದಿನೈದು ವರ್ಷದಿಂದ ಹೊಡೆದಾಡುತ್ತಿದ್ದ. ಸರ್ಕಸ್ಸಿನ ಡೇರೆಯಲ್ಲಿ, ಡ್ಯಾನ್ಸ್ ಕ್ಲಬ್ಬಿನಲ್ಲಿ, ಒಮ್ಮೆ ಮೀನಿನ ಮಾರುಕಟ್ಟೆಯ ಹಿಂದಿನ ಗೋದಾಮಿನಲ್ಲಿ. ಗೆದ್ದದ್ದಕ್ಕಿಂತ ಸೋತದ್ದು ಒಂದು ಹೆಚ್ಚು. ಪ್ರತಿ ಸೋಲಿಗೂ ಒಂದು ಕಾರಣ ಇಟ್ಟುಕೊಂಡಿದ್ದ. ಒಂದರಲ್ಲಿ ನೆಲ ಒದ್ದೆಯಿತ್ತು. ಇನ್ನೊಂದರಲ್ಲಿ ತೀರ್ಪುಗಾರ ಎದುರಾಳಿಯ ಭಾವಮೈದ. ನಾನು ಹೂಂ ಹೂಂ ಎನ್ನುತ್ತ ಚಕ್ಕುಲಿ ತಿನ್ನುತ್ತಿದ್ದೆ. ಪಿ.ಯು.ಸಿ.ಯಲ್ಲಿ ಎರಡು ಸಲ ಫೇಲಾದ ನನ್ನ ಬಳಿಯೂ ಇಂಥ ಕಾರಣಗಳು ಬೇಕಾದಷ್ಟಿದ್ದವು.

ಆದರೆ ಒಂದು ಸೋಲಿನ ಬಗ್ಗೆ ಹೇಳುವಾಗ ಮಾತ್ರ ಅವನ ಮುಖ ಕಪ್ಪಿಡುತ್ತಿತ್ತು. ಯಾವುದೋ ಬಂದರಿನ ಊರಿನಲ್ಲಿ ತೂಕದ ಯಂತ್ರ ಕೆಡಿಸಿಟ್ಟು, ತನಗಿಂತ ಭಾರಿ ಆಳನ್ನು ಎದುರಿಗೆ ನಿಲ್ಲಿಸಿದ್ದರಂತೆ. “ಹೊಡೆಯಲಿ, ಬೇಜಾರಿಲ್ಲ. ತೂಕದಲ್ಲಿ ಮೋಸ ಮಾಡುವವನನ್ನು ಮಾತ್ರ ನನ್ನ ಕೈಲಿ ಕ್ಷಮಿಸೋಕೆ ಆಗಲ್ಲ,” ಎಂದ.

“ಇನ್ನೊಂದೇ ಒಂದು ಗೆಲ್ಲಬೇಕು,” ಎಂದೂ ಹೇಳುತ್ತಿದ್ದ. “ಸಮ ಆಗುತ್ತೆ. ಸಮ ಮಾಡಿ ನಿಲ್ಲಿಸಿಬಿಡ್ತೀನಿ. ಊರಲ್ಲಿ ಮಗಳಿದ್ದಾಳೆ. ಅಪ್ಪಾ, ನೀನು ಗೆದ್ದಿದ್ದು ಜಾಸ್ತಿನಾ, ಸೋತಿದ್ದು ಜಾಸ್ತಿನಾ ಅಂತ ಫೋನ್ ಮಾಡಿದಾಗೆಲ್ಲ ಕೇಳ್ತಾಳೆ. ಸಮ ಕಣೇ ಅನ್ನಬೇಕು ನಾನು.”

ಆ ಮಾತು ಕೇಳಿ ನನ್ನ ಕರುಳು ಚುರುಕ್ಕೆಂದಿತು. ಮಾರನೆಯ ದಿನವೇ ಶಿವಾಜಿನಗರಕ್ಕೆ ಹೋಗಿ ‘ಮ್ಯಾನೇಜರ್’ ಎಂದು ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡು ಬಂದೆ. ನನ್ನನ್ನು ಮ್ಯಾನೇಜರ್ ಮಾಡಿದವರು ಯಾರೂ ಇಲ್ಲ. ಅಂಥ ಜವಾಬ್ದಾರಿಗಳನ್ನು ನಾವಾಗಿ ಮೈಮೇಲೆ ಎಳೆದುಕೊಳ್ಳಬೇಕು.

ಪಂದ್ಯವೂ ಸಿಕ್ಕಿತು. ಆರ್ಕೆಸ್ಟ್ರಾ, ಸೌಂದರ್ಯ ಸ್ಪರ್ಧೆ ಎಲ್ಲ ನಡೆಸಿ ಕೈಸುಟ್ಟುಕೊಂಡಿದ್ದ, ಕೋಟು ಬಿಚ್ಚದ ಸಂಘಟಕನೊಬ್ಬ ಕೆ.ಆರ್. ಪುರದ ಕಲ್ಯಾಣಮಂಟಪದಲ್ಲಿ ಕಾದಾಟ ಏರ್ಪಡಿಸಿದ. ಎದುರಾಳಿ ಶಿವಾಜಿನಗರದ ತರುಣ, ಇಪ್ಪತ್ತಮೂರರ ವಯಸ್ಸು. ಸಂಘಟಕ ಕೊಟ್ಟ ಕಾಗದದಲ್ಲಿ ಒಂದು ನಿಯಮ ಸ್ಪಷ್ಟವಾಗಿತ್ತು: ತೂಕ ಮೀರಿದವನಿಗೆ ಇಳಿಸಿಕೊಳ್ಳಲು ಒಂದು ಗಂಟೆ ಸಮಯ, ಇಳಿಯದಿದ್ದರೆ ಇನ್ನೊಬ್ಬ ಗೆದ್ದಂತೆ. ಕಾಗದ ನನ್ನ ಜೇಬಿನಲ್ಲೇ ಇತ್ತು. ಮ್ಯಾನೇಜರ್ ಆದವನು ಕಾಗದ ಇಟ್ಟುಕೊಳ್ಳಬೇಕು, ಓದಿ ಯೋಚಿಸಬೇಕೆಂದು ಎಲ್ಲೂ ಬರೆದಿಲ್ಲವಲ್ಲ.

ಅವನು ತೂಕ ಇಳಿಸತೊಡಗಿದ. ಫಾಲ್ಗುಣದ ಬಿಸಿಲಿನಲ್ಲಿ ಪ್ಲಾಸ್ಟಿಕ್ ರೇನ್‌ಕೋಟ್ ತೊಟ್ಟು ಕೆರೆಯ ಸುತ್ತ ಓಡುತ್ತಿದ್ದ. ಬೀದಿನಾಯಿಗಳು ಹಿಂದೆ ಬಿದ್ದು ಅವನ ತರಬೇತಿಗೆ ಪುಕ್ಕಟೆ ನೆರವಾದವು. ಅಮ್ಮ ಅವನ ಕಣ್ಣಿನ ರೆಪ್ಪೆ ಎಳೆದು ನೋಡಿ, “ಕಾಮಾಲೆ ಇರ್ಬೇಕು ಕಣೋ. ನೋಡು, ಹೆಂಗೆ ಸೊರಗೋಗವ್ನೆ. ಹೆತ್ತೋಳು ನೋಡಿದ್ರೆ ಹೊಟ್ಟೆ ಉರ್ಕೋಳಲ್ವಾ?” ಎಂದಳು. ಆ ಹೆತ್ತೋಳ ಜಾಗದಲ್ಲಿ ತಾನೇ ಕೂತು ಹೊಟ್ಟೆ ಉರಿದುಕೊಂಡಳು.

ಪಂದ್ಯ ಭಾನುವಾರ. ತೂಕ ಹಾಕುವುದು ಶನಿವಾರ ಸಂಜೆ ನಾಲ್ಕಕ್ಕೆ. ಎಲ್ಲ ಸರಿಯಾಗಿತ್ತು, ಆ ಶನಿವಾರ ಹೊಸತೊಡಕು ಎಂಬುದೊಂದನ್ನು ಬಿಟ್ಟು. ಯುಗಾದಿಯ ದಿನ ಒಬ್ಬಟ್ಟು ತಿಂದು ಸಭ್ಯರಾಗಿರುವ ನಮ್ಮ ಜನ ಮಾರನೆಯ ದಿನ ಹೊಸತೊಡಕಿಗೆ ಕಾದಿರುತ್ತಾರೆ. ನಾಲ್ಕಾರು ಮನೆಯವರು ಸೇರಿ ಕುರಿ ಕಡಿದು, ಗುಡ್ಡೆ ಹಾಕಿ ಮಾಂಸ ಹಂಚಿಕೊಳ್ಳುತ್ತಾರೆ. ಆ ದಿನ ಹೇಗಿರುತ್ತೇವೋ ವರ್ಷಪೂರ್ತಿ ಹಾಗೇ ಇರುತ್ತೇವೆಂಬ ನಂಬಿಕೆ ಬೇರೆ. ನಗುತ್ತಿದ್ದರೆ ವರ್ಷವೆಲ್ಲ ನಗು, ಹಸಿದಿದ್ದರೆ ವರ್ಷವೆಲ್ಲ ಹಸಿವು.

ಬೆಳಿಗ್ಗೆ ಜಿಮ್‌ನ ಯಂತ್ರದಲ್ಲಿ ಅವನು ಸರಿಯಾಗಿ ಅರವತ್ತಾರು ಇದ್ದ. ಮಧ್ಯಾಹ್ನ ಮೆಟ್ಟಿಲಿಳಿದು ಬಂದವನನ್ನು ಅಮ್ಮ ಕೈಹಿಡಿದು ಕೂರಿಸಿದಳು. “ಇವತ್ತು ಹಸ್ಕೊಂಡಿದ್ರೆ ವರ್ಸೆಲ್ಲ ಉಪ್ವಾಸ ಅಂತ ಹೇಳೋ ಅವ್ನಿಗೆ. ನಮ್ಮನೇಲಿ ಇದ್ಕೊಂಡು ಉಪ್ವಾಸ ಬಿದ್ರೆ ನಂಗೆ ಒಳ್ಳೇದಾಗಲ್ಲ,” ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ನಾನು ಭಾಷಾಂತರಿಸಿದೆ. ಅವನು ನನ್ನ ಮುಖ ನೋಡಿದ. “ಸ್ವಲ್ಪ ತಿನ್ನು, ಏನಾಗಲ್ಲ,” ಎಂದೆ, ಮ್ಯಾನೇಜರ್ ಗತ್ತಿನಲ್ಲಿ.

ಅವನಿಗೆ ನಾನು ಕಲಿಸಿದ್ದ ಒಂದೇ ಕನ್ನಡ ಪದ ‘ಸಾಕು.’ ನಮ್ಮ ಮನೆಗಳಲ್ಲಿ ಸಾಕು ಎಂದರೆ ಇನ್ನೊಂದು ಸೌಟು ಬಡಿಸಬೇಕೆಂದು ಅವನಿಗೆ ಹೇಳಿಕೊಟ್ಟಿರಲಿಲ್ಲ. ನಿಜವಾಗಿ ಸಾಕಾದವನು ಎಲೆಯ ಮೇಲೆ ಅಡ್ಡಬಿದ್ದು ಎರಡೂ ಕೈ ಚಾಚಬೇಕು. ಪಾಪ, ಅವನು ಸಭ್ಯವಾಗಿ “ಸಾಕು ಅಮ್ಮಾ” ಎಂದ. ಅಮ್ಮ ಇನ್ನೊಂದು ಮುದ್ದೆ ಹಾಕಿದಳು. “ಸಾಕು” ಎಂದ, ಕೈಮಾ ಉಂಡೆ ಬಂತು. “ಸಾಕು ಸಾಕು” ಎಂದ. ಬೋಟಿ ಗೊಜ್ಜು ಬಂತು. ವಾರಗಟ್ಟಲೆ ಬೇಯಿಸಿದ ಸೌತೆಕಾಯಿ ತಿಂದಿದ್ದವನು ಕೊನೆಗೆ ಕಣ್ಣುಮುಚ್ಚಿ ಉಂಡ. ಅಮ್ಮನ ಮುಖದಲ್ಲಿ ಅಷ್ಟು ತೃಪ್ತಿಯನ್ನು ನಾನು ಬಿ.ಎ. ಪಾಸಾದಾಗಲೂ ಕಂಡಿರಲಿಲ್ಲ.

ಆಟೋದಲ್ಲಿ ಅವನು ಆರಾಮಾಗಿದ್ದ. ಚೀಲದಲ್ಲಿದ್ದ ರೇನ್‌ಕೋಟ್ ತೋರಿಸಿ, “ಒಂದು ಕೆಜಿ ಹೆಚ್ಚಿರಬಹುದು. ಒಂದು ಗಂಟೆ ಓಡಿದರೆ ಇಳಿಯುತ್ತೆ. ಎಷ್ಟೋ ಸಲ ಇಳಿಸಿದ್ದೀನಿ,” ಎಂದ. ಬೆವರುತ್ತಿದ್ದವನು ನಾನು.

ಮಂಟಪದಲ್ಲಿ ಮದುವೆಯ ಪ್ಲಾಸ್ಟಿಕ್ ಹೂವಿನ ಕಮಾನನ್ನು ಇನ್ನೂ ಇಳಿಸಿರಲಿಲ್ಲ. ವಧೂವರರು ಕೂರುವ ವೇದಿಕೆಯ ಮೇಲೆ ಕಾದಾಟದ ಪಂಜರ ಕಟ್ಟಿದ್ದರು. ಒಟ್ಟಿನಲ್ಲಿ ಉದ್ದೇಶ ಬದಲಾಗಿರಲಿಲ್ಲ. ಸಂಘಟಕ ತಂದಿದ್ದ ಎಲೆಕ್ಟ್ರಾನಿಕ್ ಯಂತ್ರದ ಬ್ಯಾಟರಿ ಸತ್ತಿತ್ತು, ಹಬ್ಬಕ್ಕೆ ಅಂಗಡಿಗಳೆಲ್ಲ ಮುಚ್ಚಿದ್ದವು. “ನೀವು ಲೋಕಲ್ ಅಲ್ವಾ ಗುರು? ಎಲ್ಲಿಂದಾದ್ರೂ ಒಂದು ಮೆಷಿನ್ ತನ್ನಿ,” ಎಂದು ನನ್ನನ್ನೇ ಕೇಳಿದ.

ಆ ಕ್ಷಣ ನನ್ನ ತಲೆಯೊಳಗೆ ದೀಪ ಹತ್ತಿಕೊಂಡಿತು. ಅಂಥ ದೀಪ ಹತ್ತಿದಾಗೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಸುಟ್ಟಿದೆ. ನಮ್ಮ ರಸ್ತೆಯ ಹಳೇ ಪೇಪರ್ ಅಂಗಡಿಯ ತೂಕದ ಯಂತ್ರ ನೆನಪಾಯಿತು. ಅದು ಕಡಿಮೆ ತೋರಿಸುತ್ತದೆಂದು ಇಡೀ ಕಗ್ಗದಾಸಪುರಕ್ಕೆ ಗೊತ್ತು. ಗೊತ್ತಿದ್ದೂ ಎಲ್ಲರೂ ಅಲ್ಲೇ ಪೇಪರ್ ಹಾಕುತ್ತಿದ್ದೆವು.

“ನಾನು ಓಡ್ಲಾ?” ಎಂದು ಅವನು ರೇನ್‌ಕೋಟ್ ಕೈಗೆತ್ತಿಕೊಂಡು ಕೇಳಿದ.

“ಕೂತ್ಕೋ. ನಾನಿದ್ದೀನಿ,” ಎಂದು ಹೊರಟೆ.

ಅಂಗಡಿಯವನು ಅಂಗಡಿಯ ಹಿಂದೆಯೇ ವಾಸವಿದ್ದ. ವಿಷಯ ಕೇಳಿ, ಒಂದಿಷ್ಟೂ ನಗದೆ, “ಮನುಷ್ಯರ್ನ ತೂಗೋಕಾ ಸಾರ್? ಸರಿಯಾಗಿ ಬೇಕಾ, ಕಮ್ಮಿ ಬೇಕಾ?” ಎಂದ.

“ಯಾವಾಗ್ಲೂ ಹೆಂಗಿರುತ್ತೋ ಹಂಗೇ ಇರ್ಲಿ,” ಎಂದೆ. ಲಗೇಜ್ ಆಟೋದಲ್ಲಿ ಮೂಟೆ ತೂಗುವ ಆ ಕಬ್ಬಿಣದ ಯಂತ್ರವನ್ನು ಮೆರವಣಿಗೆಯಂತೆ ತಂದಿಳಿಸಿದೆ.

ನಮ್ಮವನು ಮೊದಲು ಹತ್ತಿದ. ಅರವತ್ತನಾಲ್ಕೂಮುಕ್ಕಾಲು. ಅವನು ಹುಬ್ಬೇರಿಸಿ ನನ್ನತ್ತ ನೋಡಿದ. “ಆ ಜಿಮ್‌ನ ಮೆಷಿನ್ ಸರಿಯಿಲ್ಲ, ನಾನು ಅವತ್ತೇ ಅಂದ್ಕೊಂಡೆ,” ಎಂದು ಕಣ್ಣು ಮಿಟುಕಿಸದೆ ಹೇಳಿದೆ. ಅವನು ನಂಬಿದ. ನನ್ನನ್ನು ನಂಬಿದವರು ಅದುವರೆಗೆ ಯಾರೂ ಇರಲಿಲ್ಲ, ಹಾಗಾಗಿ ಖುಷಿಯೂ ಆಯಿತು. ಆಮೇಲೆ ಶಿವಾಜಿನಗರದ ತರುಣ ಹತ್ತಿದ. ಕಡ್ಡಿ ಓಲಾಡಿ ಓಲಾಡಿ ಸರಿಯಾಗಿ ಅರವತ್ತಾರಕ್ಕೆ ನಿಂತಿತು. ಅವನ ತರಬೇತುದಾರ ಎರಡೂ ಕೈಯಿಂದ ಮುಖ ಒರೆಸಿಕೊಂಡ. ನಾನು ಅದನ್ನು ಸೆಖೆಯೆಂದುಕೊಂಡೆ.

ಭಾನುವಾರದ ಕಾದಾಟ ಮೂರು ಸುತ್ತು ನಡೆಯಿತು. ಮೊದಲ ಸುತ್ತಿನಲ್ಲಿ ನಮ್ಮವನು ಹುಡುಗನನ್ನು ಆಟವಾಡಿಸಿದ, ಅಮ್ಮ ಕೂಡ ಮುಂದಿನ ಸಾಲಿನಲ್ಲಿ ಕೂತು, “ಬಿಡಬ್ಯಾಡ, ಹಾಕು ಇನ್ನೊಂದು!” ಎಂದು ಬಡಿಸುವಾಗಿನ ಹುರುಪಿನಲ್ಲೇ ಕೂಗಿದಳು. ಎರಡನೆಯದರಲ್ಲಿ ಆ ತರುಣ ಇವನನ್ನು ಕೆಡವಿಕೊಂಡು ಮೇಲೆ ಮಲಗಿದ. ಮೂರನೆಯದರಲ್ಲೂ ಮಲಗಿದ. ಇವನು ಸೊಂಟ ತಿರುಗಿಸಿ, ಮೊಣಕೈ ಊರಿ ಏಳಲು ನೋಡುತ್ತಿದ್ದ, ಏಳಲಾಗುತ್ತಿರಲಿಲ್ಲ. ಅದೊಂದು ಪಟ್ಟು ಮಾತ್ರ ಅವನಿಗೆ ಎಂದೂ ಕೈಕೊಟ್ಟಿರಲಿಲ್ಲವೆಂದು ಸಿ.ಡಿ.ಗಳಲ್ಲಿ ನೋಡಿದ್ದೆ. ಗಂಟೆ ಹೊಡೆಯಿತು. ತೀರ್ಪುಗಾರರು ಆ ತರುಣನ ಕೈ ಎತ್ತಿದರು.

ತಬ್ಬಿಕೊಳ್ಳುವ ಶಾಸ್ತ್ರ ಮುಗಿದಮೇಲೆ ಆ ತರಬೇತುದಾರ ನನ್ನ ಬಳಿ ಬಂದು ಎರಡೂ ಕೈ ಹಿಡಿದುಕೊಂಡ. “ಸಾರ್, ನಿಮ್ ಮೆಷಿನ್ ನಮ್ಮನ್ನ ಉಳಿಸ್ಬಿಡ್ತು. ನಿನ್ನೆ ಬೆಳಿಗ್ಗೆ ನಮ್ ಹುಡುಗ ಅರವತ್ತೆಂಟು ಇದ್ದ ಸಾರ್. ಇನ್ನು ಒಂದು ತೊಟ್ಟು ಬೆವರೂ ಬರ್ತಿರ್ಲಿಲ್ಲ. ಗೇಮ್ ನಿಮಗೇ ಬಿಟ್ಟು ಸಲಾಮ್ ಹೇಳಿ ಹೋಗೋಣ ಅಂತಾನೇ ಬಂದಿದ್ವಿ.”

ಜೇಬಿನಲ್ಲಿದ್ದ ಕಾಗದ ಆಗ ಅರ್ಥವಾಯಿತು. ನಾನು ಮನೆಯಲ್ಲಿ ಬಿದ್ದುಕೊಂಡಿದ್ದರೆ ಸಾಕಿತ್ತು. ಅವನು ಒಂದು ಗಂಟೆ ಓಡುತ್ತಿದ್ದ, ಅರವತ್ತಾರಕ್ಕೆ ಇಳಿಯುತ್ತಿದ್ದ, ಆ ತರುಣ ಇಳಿಯುತ್ತಿರಲಿಲ್ಲ. ಸಮವಾಗಿರುತ್ತಿತ್ತು.

ನಮ್ಮವನು ಪಕ್ಕದಲ್ಲೇ ನಿಂತಿದ್ದ, ಊದಿದ ಕಣ್ಣಿಗೆ ಐಸ್ ಒತ್ತಿಕೊಂಡು. “ಏನಂತೆ?” ಎಂದು ಕೇಳಿದ.

“ನೀನು ಚೆನ್ನಾಗಿ ಆಡಿದೆಯಂತೆ,” ಎಂದೆ.

ಅವನು ಆ ತರಬೇತುದಾರನ ಭುಜ ತಟ್ಟಿದ. “ಅವನಿಗೆ ಹೇಳು. ನನ್ನ ಎಲ್ಲ ಸೋಲಿಗೂ ಒಂದೊಂದು ಕಾರಣ ಇತ್ತು. ಇದಕ್ಕೆ ಇಲ್ಲ. ನೆಲ ಸರಿಯಿತ್ತು, ತೂಕ ಸರಿಯಿತ್ತು. ಆದರೂ ಆ ಹುಡುಗ ನನಗೆ ತುಂಬ ಭಾರ ಅನ್ನಿಸಿದ. ಅರವತ್ತಾರು ಕೆಜಿ ನನ್ನ ಕೈಲಿ ಎತ್ತೋಕೆ ಆಗಲಿಲ್ಲ ಅಂದ್ರೆ ನನಗೆ ವಯಸ್ಸಾಯ್ತು.”

ನಾನು ಅದನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಆ ತರಬೇತುದಾರ ನನ್ನನ್ನೇ ನೋಡಿದ. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ಅಮ್ಮ ಜನರನ್ನು ಸರಿಸಿಕೊಂಡು ಬಂದು ಸೆರಗಿನಿಂದ ಅವನ ಮುಖ ಒರೆಸಿದಳು. “ಹೋಗ್ಲಿ ಬಿಡಪ್ಪ. ಇನ್ನೊಂದ್ಸಲ ಆಡಿ ಗೆದ್ರಾಯ್ತು.”

ಅವನಿಗೆ ಮಾತು ಅರ್ಥವಾಗದಿದ್ದರೂ ಧಾಟಿ ಅರ್ಥವಾಯಿತು. “ಸಾಕು ಅಮ್ಮಾ,” ಎಂದ.

ಆ ಒಂದು ಸಲ ಅಮ್ಮ ಮತ್ತೆ ಒತ್ತಾಯ ಮಾಡಲಿಲ್ಲ.