ಹಿಮ್ಮಡಿಯ ಸದ್ದು

ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳುವುದು ನನ್ನ ಕಸುಬು. ಬೇರೆಯವರ ಮೂಟೆ ಹೊರುತ್ತಾ ಕಲಿತದ್ದು. ಹೊಸಬರಿಗೆ ಈಗಲೂ ಹೇಳುತ್ತೇನೆ: ಗೂಡಿನ ಹೊಳಪಿಗೆ ಮರುಳಾಗಬೇಡಿ, ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗಿನ ಹುಳು ಟಕಟಕ ಎಂದರೆ ಮಾಲು ಚೆನ್ನಾಗಿದೆ. ಸದ್ದಿಲ್ಲದಿದ್ದರೆ ಹುಳು ಒಳಗೇ ಸತ್ತು ಕರಗಿದೆ, ಮುಂದಿನ ರಾಶಿಗೆ ಹೋಗಿ.

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಬಲಗಾಲಿನ ಹಿಮ್ಮಡಿ ನೋವು ಶುರುವಾಯಿತು. ಶಾಲೆಯಿಂದ ಸಾವನದುರ್ಗ ಹತ್ತಿ ಬಂದಿದ್ದಳು, ಉಳುಕಿರಬೇಕು ಅಂದುಕೊಂಡೆವು. "ಬೆಳ್ಯೋ ಮಕ್ಳ ಕಾಲು ಕಣ್ಲಾ, ಒಸಿ ನೋಯ್ತದೆ, ಸುಮ್ಕಿರು," ಎಂದು ನನ್ನ ತಾಯಿ ಹರಳೆಣ್ಣೆ ಕಾಯಿಸಿ ನೀವಿದರು. ಉಳುಕಾದರೆ ದಿನ ಕಳೆದಂತೆ ಇಳಿಯಬೇಕು. ಇದು ಕಾಲು ಚಾಚಿ ಮಲಗಿದಾಗಲೂ ನೋಯುತ್ತಿತ್ತು. ನಿಮ್ಮ ಮನೆಯಲ್ಲೂ ಹಾಗಾದರೆ ಎಣ್ಣೆ ಬದಿಗಿಟ್ಟು ಎಕ್ಸ್‌ರೇ ತೆಗೆಸಿ.

ನಾವು ತೆಗೆಸಿದಾಗ ಹಿಮ್ಮಡಿಯ ಮೂಳೆಯೊಳಗೆ ಒಂದು ಕಪ್ಪು ಜಾಗ ಕಂಡಿತು. ದುಂಡಗೆ, ಒಸಿ ಉದ್ದಕ್ಕೆ, ಥೇಟ್ ಗೂಡಿನ ಆಕಾರ. ಇವತ್ತಿಗೂ ರಾಶಿಯೊಳಗೆ ಕೈಯಿಟ್ಟರೆ ಬೆರಳಿಗೆ ಮೊದಲು ಸಿಗುವುದು ಅದೇ.

ಬೆಂಗಳೂರಿನ ಡಾಕ್ಟರು ಅದನ್ನು ಕೆರೆದು ತೆಗೆದು, ಅವಳ ಸೊಂಟದ ಮೂಳೆಯ ಚೂರುಗಳನ್ನೇ ಅಲ್ಲಿ ತುಂಬಿದರು. ಕೆರೆದದ್ದು ಪರೀಕ್ಷೆಗೆ ಹೋಯಿತು. ವರದಿ ಬಂದ ದಿನ ನನ್ನನ್ನು ಕೂರಿಸಿ ಹೇಳಿದರು.

"ಕ್ಯಾನ್ಸರ್ ಅಲ್ಲ. ಬೆಳೆಯೋ ವಯಸ್ಸಲ್ಲಿ ಬರೋ ಗೆಡ್ಡೆ. ಪಾದದಲ್ಲಿ ಬರೋದು ಅಪರೂಪ. ಆದ್ರೆ ಮತ್ತೆ ಬರಬಹುದು."

"ಬರಾಕಿಲ್ಲ ಅಂತ ಒಂದ್ ಮಾತು ಯೋಳ್ಬುಡಿ ಸಾರ್."

"ಆ ಮಾತು ನನ್ನ ಹತ್ರ ಇಲ್ಲ. ನೋಡ್ತಾ ಇರಬೇಕು, ಅಷ್ಟೇ."

ಕೊನೆಯ ಮಾತಾಗದೆ ಯಾವ ವ್ಯವಹಾರದಿಂದಲೂ ನಾನು ಎದ್ದವನಲ್ಲ. ಅಂದು ಎದ್ದು ಬಂದೆ.

ಊರುಗೋಲು ಬಿಟ್ಟ ಮೇಲೆ ಅವಳು ಬೆಳಿಗ್ಗೆ ಚಪ್ಪಲಿ ಮೆಟ್ಟಿ ಮಹಡಿಯ ಕಬ್ಬಿಣದ ಮೆಟ್ಟಿಲು ಇಳಿಯುವಾಗ, ನಾನು ಕೆಳಗೆ ಕಾಫಿ ಲೋಟ ಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ಎಡಗಾಲು, ಬಲಗಾಲು. ಎರಡೂ ಸಮನಾಗಿ ಬಿದ್ದರೆ ಮಾರುಕಟ್ಟೆಗೆ ಹೊರಡುತ್ತಿದ್ದೆ. ಬಲಗಾಲು ಮೆತ್ತಗೆ ಬಿತ್ತೆಂದರೆ, ಅವತ್ತು ಯಾವ ಗೂಡು ಅಲ್ಲಾಡಿಸಿದರೂ ಸದ್ದೇ ಇಲ್ಲವೆನ್ನಿಸುತ್ತಿತ್ತು.

ಮೊನ್ನೆ ಡಾಕ್ಟರು, ಇನ್ನು ಥ್ರೋಬಾಲ್ ಆಡಬಹುದು ಎಂದರು. ಚನ್ನಪಟ್ಟಣದಲ್ಲಿ ಚೌಕಾಸಿ ಮಾಡಿ ಮೆತ್ತನೆ ಅಟ್ಟೆಯ ಶೂ ಕೊಡಿಸಿದೆ. ಮಾರನೆಯ ಬೆಳಿಗ್ಗೆ ಕಾಫಿ ಹಿಡಿದು ನಿಂತರೆ ಮೆಟ್ಟಿಲಲ್ಲಿ ಸದ್ದೇ ಇಲ್ಲ. ಲೋಟ ಇಟ್ಟು ಮೇಲೆ ಓಡಬೇಕೆನ್ನುವಷ್ಟರಲ್ಲಿ ಅವಳು ನನ್ನ ಎದುರಿಗೇ ನಿಂತಿದ್ದಳು.

"ಮನೇಲಾದ್ರೂ ಆ ಹಳೇ ಚಪ್ಲಿ ಹಾಕ್ಕಳವ್ವ," ಎಂದೆ.

"ದಿನಾ ಕಿವಿ ಕೊಟ್ಕಂಡ್ ನಿಂತಿರ್ತೀಯಲ್ಲಪ್ಪ, ನಾನೇನ್ ಗೂಡಾ?"

ನಗುತ್ತಲೇ ಕೇಳಿದಳು. ನನಗೆ ನಗು ಬರಲಿಲ್ಲ. ಅವಳು ನನ್ನ ಮುಖ ನೋಡಿ, ಶೂ ಬಿಚ್ಚಿ ಕೈಯಲ್ಲಿ ಹಿಡಿದು ಮತ್ತೆ ಮೇಲೆ ಹೋದಳು. ಬರಿಗಾಲಲ್ಲಿ, ಒಂದೊಂದು ಮೆಟ್ಟಿಲಿಗೂ ಹಿಮ್ಮಡಿ ಊರಿ, ಬೇಕೆಂದೇ ಜೋರಾಗಿ ಇಳಿದು ಬಂದಳು.

"ಸಾಕಾ?"

"ಇನ್ನೊಂದ್ ಸಲ," ಎಂದೆ.