ಮರುಪ್ರಸಾರಕ್ಕೆ ನಾನು ಹಾಕಿದ ಸಹಿ

ವಿಡಿಯೋ ಕ್ಯಾಸೆಟ್ಟಿನ ಬೆನ್ನಿಗೆ ಅಂಟಿಸಿದ್ದ ಚೀಟಿ ಹಳದಿಗಟ್ಟಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ ನನ್ನ ಅಕ್ಕನ ಹೆಸರು. ಬೈಲಹೊಂಗಲದಲ್ಲಿ ಹಿಂದೆ ಕೇಬಲ್ ನಡೆಸುತ್ತಿದ್ದವರ ಮಗಳು ಹೋದ ವಾರ ಅದನ್ನು ತಂದು ನನ್ನ ಕೈಗಿಟ್ಟಳು. ಮೂಸಿ ನೋಡಿದೆ. ಹಳೆಯ ಪ್ಲಾಸ್ಟಿಕ್ಕು, ಧೂಳು… ಅಕ್ಕ ತೀರಿಕೊಂಡು ಹನ್ನೊಂದು ವರ್ಷವಾಗಿದೆ.

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಅಕ್ಕ ಏಳರ ತನಕ ಓದಿದ್ದಳು. ನಮ್ಮ ಓಣಿಯಿಂದ ಮಿಲಿಟರಿಗೆ ಹೋದವರು ಬಹಳ. ಅವರ ಕಾಗದ ಬಂದರೆ ಹೆಂಗಸರು ನಮ್ಮ ಕಟ್ಟೆಗೆ ಬರುತ್ತಿದ್ದರು, ಅಕ್ಕ ಓದಿ ಹೇಳುತ್ತಿದ್ದಳು. ಬಾಜೂ ಮನೆಯ ಮುದುಕಿ ಆಯಿ ಮಗನ ಕಾಗದ ಸೆರಗಿನಲ್ಲಿ ಕಟ್ಟಿಕೊಂಡು ಬರುವಳು. ಹೊಲ, ಎತ್ತು, ತಮ್ಮನ ಲಗ್ನ ಎಲ್ಲ ಓದಿ, ಕೊನೆಗೆ ಅಕ್ಕ, “‘ಅವ್ವಾ, ನಿನ್ನ ಮೊಣಕಾಲ ಬ್ಯಾನಿ ಹೆಂಗೈತಿ?’ ಅಂತ ಬರದಾನ ನೋಡ ಆಯಿ” ಅನ್ನುತ್ತಿದ್ದಳು.

“ಕೇಳಿದ್ರೇನ್ರವಾ? ಹೆಂಡ್ತಿಗಿಂತ ನಾ ಮೊದಲ ಅವಗ!” ಎಂದು ಆಯಿ ಕಟ್ಟೆಯವರನ್ನೆಲ್ಲ ಹಂಗಿಸುತ್ತಿದ್ದಳು.

ಫೋನು ಬಂದು ಕಾಗದ ನಿಂತವು. ಆಗ ಊರ ಕೇಬಲ್ಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಊರವರನ್ನೇ ಕೂರಿಸಿ ಮಾತಾಡಿಸುವ ಕಾರ್ಯಕ್ರಮ ಇತ್ತು. ಕಾಗದ ಓದುವವಳೆಂದು ಅಕ್ಕನನ್ನು ಕರೆದರು. ನೇರ ಪ್ರಸಾರ. “ಒಮ್ಮೆ ಅಷ್ಟ ಹಾಕ್ತಾರ, ಎದ್ದಿದ್ದು ನೋಡಪಾ” ಅಂದು ಹೋದಳು. ನಾನು ಇಡೀ ದಿನ ಹತ್ತಿ ಹೊತ್ತು ಬಂದಿದ್ದೆ. ಟೀವಿ ಮುಂದೆಯೇ ಮಲಗಿಬಿಟ್ಟೆ.

ಮುಂಜಾನೆ ಕೇಳಿದಳು, “ನೋಡಿದ್ಯೇನೋ?”

“ನೋಡಿದ್ನಿ. ಭಾಳ ಛಲೋ ಮಾತಾಡಿದಿ, ಅಕ್ಕಾ.”

“ಆಯಿಗೆ ಮಾತ್ರ ಹೇಳಬ್ಯಾಡ.”

ಯಾಕೆ ಎಂದು ಕೇಳಿದ್ದರೆ ನಾನು ಮಲಗಿದ್ದು ಗೊತ್ತಾಗುತ್ತಿತ್ತು. ಹೂಂ ಎಂದು ತಲೆಯಾಡಿಸಿದೆ.

ತಿಂಗಳ ಮೇಲೆ ಅಕ್ಕ ಬಳಗದವರೊಬ್ಬರ ಬಾಣಂತನ ಮಾಡಲು ದೊಡವಾಡಕ್ಕೆ ಹೋಗಿದ್ದಾಗ ಕೇಬಲ್ಲಿನವರು ಒಂದು ಕಾಗದ ತಂದರು. “ಒಮ್ಮೆ ಅಷ್ಟ ಅಂತ ಬರಿಸ್ಯಾರ್ರಿ ನಿಮ್ಮ ಅಕ್ಕಾರು. ಜನಾ ಮತ್ತ ಕೇಳಾಕತ್ತಾರ. ಮನಿ ಗಂಡಸರ ಸಹಿ ಆದ್ರ ಮತ್ತ ಹಾಕೂ ಹಕ್ಕ ನಮಗ ಬರತೈತಿ.” ನಾನು ನೋಡಿರಲಿಲ್ಲವಲ್ಲ, ನೋಡುವ ಆಸೆ. ಅಕ್ಷರ ಕೂಡಿಸಿ ಸಹಿ ಹಾಕಿದೆ. ಆಯಿಗೆ ಹೇಳಬೇಡ ಅಂದದ್ದು ನಾಚಿಕೆಗೆ ಅಂದುಕೊಂಡು, ನಾನೇ ಹೋಗಿ ಅವಳನ್ನು ಕರೆದು ತಂದೆ.

ಮಧ್ಯಾಹ್ನ ಮರುಪ್ರಸಾರ. ಆಯಿ ನಮ್ಮ ಟೀವಿ ಮುಂದೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಂತಿದ್ದಳು. ಟೀವಿಯಲ್ಲಿ ಅಕ್ಕ ನಗುತ್ತ ಹೇಳಿದಳು: “ಒಬ್ಬ ಮಗಾ ಹೊಲಾ ಕೇಳ್ತಿದ್ದ, ಎತ್ತ ಕೇಳ್ತಿದ್ದ. ಹಡದವ್ವನ ಮೊಣಕಾಲ ಒಮ್ಮೆರ ಕೇಳಲಿಲ್ಲ. ಆ ಸಾಲು ನಾನ ಹಚ್ಚಿ ಓದತಿದ್ನಿರಿ.”

ಮೊರದ ಮೇಲಿನ ಕೈ ನಿಂತಿತು. ಆಯಿ ಎದ್ದು ತನ್ನ ಮನೆಗೆ ಹೋಗಿ ಮಗನ ಕಾಗದದ ಗಂಟು ತಂದು ನನ್ನ ಮುಂದಿಟ್ಟಳು. “ತಮ್ಮಾ, ಇದರಾಗ ನನ್ನ ಮೊಣಕಾಲ ಎಲ್ಲೈತಿ ತೋರ್ಸು.”

ಒಂದೊಂದೇ ಅಕ್ಷರ ಹಿಡಿದು ಹುಡುಕಿದೆ. ಅಕ್ಕ ಇದ್ದಿದ್ದರೆ ಯಾವುದೋ ಸಾಲಿನ ಮೇಲೆ ಬೆರಳಿಟ್ಟು ‘ಇಲ್ಲೈತಿ’ ಅನ್ನುತ್ತಿದ್ದಳು. ನನಗೆ ಹೊಳೆಯಲಿಲ್ಲ. “ಇಲ್ಲ ಆಯಿ” ಅಂದುಬಿಟ್ಟೆ.

ಆಮೇಲೆ ಆಯಿ ನಮ್ಮ ಕಟ್ಟೆ ಹತ್ತಲಿಲ್ಲ. ದೊಡವಾಡದಿಂದ ಬಂದ ಅಕ್ಕ ಅವಳ ಬಾಗಿಲಿಗೆ ಹೋದರೆ, “ಓದ್ಸಾಕ ಏನೂ ಇಲ್ಲವಾ ಈಗ” ಅಂದಳಂತೆ. ಅಕ್ಕ ನನ್ನನ್ನು ಕೇಳಿದ್ದು ಒಂದೇ ಸಲ: “ನೀ ಅವತ್ತ ರಾತ್ರಿನ ನೋಡಿದ್ದಿ… ಗೊತ್ತಿದ್ದೂ ಯಾಕ ಸಹಿ ಹಾಕಿದಿ?”

ಮಲಗಿದ್ದೆನೆಂದು ಹೇಳುವ ಬದಲು ಎದ್ದು ಹೊರಗೆ ಹೋದೆ. ಬೇಕೆಂದೇ ಮಾಡಿದೆ ಎಂದು ತಿಳಿದುಕೊಂಡೇ ಅಕ್ಕ ತೀರಿಕೊಂಡಳು. ಸಾಯುವ ತನಕ ನನಗೆ ಊಟಕ್ಕೆ ಬಡಿಸಿದಳು…

ಹೋದ ವಾರ ಕ್ಯಾಸೆಟ್ಟು ತಂದ ಆ ಹುಡುಗಿ ಹೇಳಿದಳು, “ಕಾಕಾ, ಹಳೇವೆಲ್ಲಾ ಫೋನಿನ್ಯಾಗ ನೋಡೂ ಹಂಗ ಹಾಕಾಕತ್ತೇವ್ರಿ. ನಿಮ್ಮದೊಂದು ಸಹಿ.” ಫೋನು ಒತ್ತಿದಳು. ಅಕ್ಕನ ನಗೆ. ಅವಳ ದನಿ ಬೇರೆಲ್ಲೂ ಉಳಿದಿಲ್ಲ. ನೊಂದುಕೊಳ್ಳಲು ಆಯಿಯೂ ಇಲ್ಲ. ಪೆನ್ನು ಕೈಯಲ್ಲೇ ಇತ್ತು.

“ಒಮ್ಮೆ ಅಷ್ಟ ಅಂದಿದ್ಳವಾ” ಎಂದು ಪೆನ್ನು ತಿರುಗಿ ಕೊಟ್ಟೆ.

ಅವಳು ಒತ್ತಾಯ ಮಾಡಲಿಲ್ಲ. ಏಳುತ್ತ ಸುಮ್ಮನೆ ಕೇಳಿದಳು, “ಅವತ್ತ ರಾತ್ರಿ ನೀವು ನೋಡಿದ್ರೇನ್ರಿ, ಕಾಕಾ?”

“ಇಲ್ಲವಾ. ಮಲಗಿದ್ನಿ.”

ಯಾರಿಗೆ ಹೇಳಬೇಕಿತ್ತೋ ಅವಳಿಗೆ ಹೇಳಲಿಲ್ಲ. ಹುಡುಗಿ ಕ್ಯಾಸೆಟ್ಟು ನನ್ನ ಬಳಿಯೇ ಬಿಟ್ಟು ಹೋದಳು. ಅದನ್ನು ಹಾಕಿ ನೋಡುವ ಯಂತ್ರ ನಮ್ಮ ಮನೆಯಲ್ಲಿಲ್ಲ.