ಮಿಸ್ತ್ರಿಗೆ ನಾನು ನಿಂತ ಜಾಮೀನು

ಹೋದ ವಾರ ನಮ್ಮ ಮನೆಯ ಹಳೆಯ ಕಪಾಟಿಗೆ ಪಾಲಿಶ್ ಮಾಡಲು ಬಡಿಗೇರ ಬಂದಿದ್ದ. ಚಪಡಾ ಅರಗಿನ ಹಳಕುಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಅರಿವೆಯ ಉಂಡೆ ಅದ್ದಿ ಕಟ್ಟಿಗೆಗೆ ತಿಕ್ಕುತ್ತಿದ್ದ. ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದ ನನಗೆ ಆ ವಾಸನೆ ಬಡಿದದ್ದೇ ತಡ, ಓದುತ್ತಿದ್ದ ಸುದ್ದಿ ಅಲ್ಲಿಗೇ ನಿಂತಿತು. ಮೂಗಿಗೆ ಸಿಹಿಯಾಗಿ ಬಂದು ಗಂಟಲಲ್ಲಿ ಕಹಿಯಾಗುವ ವಾಸನೆ ಅದು. ಸೊಸೆ ಬಂದು, "ತ್ರಾಸ ಆಗಾಕತ್ತೈತೇನ್ರಿ ಮಾಮಾರ, ಕಿಡಕಿ ತೆಗೀಲೇನ್ರಿ?" ಎಂದಳು. ತೆಗಿ ಎಂದೆ. ತ್ರಾಸು ವಾಸನೆಯದಲ್ಲ ಎಂದು ಅವಳಿಗೆ ಹೇಗೆ ಹೇಳಲಿ...

ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಕ್ಕಲಕೋಟೆಯ ಕನ್ನಡ ಸಾಲೆಗೆ ನಾನು ಹೊಸ ಮಾಸ್ತರನಾಗಿ ಬಂದಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಊರಿನ ದೊಡ್ಡ ವಾಡೆಯೊಂದರ ಹೆಬ್ಬಾಗಿಲ ಪಕ್ಕದ ಖೋಲಿಯಲ್ಲಿ ನನ್ನ ವಾಸ. ವಾಡೆಯ ಧಣಿಗಳು ಸಾಲೆಯ ಕಮಿಟಿಯಲ್ಲೂ ಇದ್ದವರು. ಕೆಟ್ಟವರೆಂದು ಹೇಳಲಾರೆ. ನನಗೆ ಜ್ವರ ಬಂದಾಗ ಒಳಗಿನಿಂದ ಗಂಜಿ ಕಳಿಸಿದವರು.

ವಾಡೆಯಲ್ಲಿ ಒಂದು ಬ್ಯಾಟರಿ ರೇಡಿಯೊ ಇತ್ತು. ನಮ್ಮ ಓಣಿಗೆಲ್ಲ ಅದೊಂದೇ. ಧಣಿಗಳ ತಾಯಿಗೆ ಎರಡೂ ಕಣ್ಣು ಹೋಗಿದ್ದವು. ಮುಂಜಾನೆ ಭಜನೆಯ ಹೊತ್ತಿಗೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತು ಕೇಳುತ್ತಿದ್ದರು. ಒಂದು ದಿನ ಆಳುಮಗ ಧೂಳು ಒರೆಸುವಾಗ ಅದು ಜಾರಿ ಬಿತ್ತು. ಅವತ್ತಿನಿಂದ ಉಸಿರಿಲ್ಲ. ಹಿಂದೊಮ್ಮೆ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಕಳಿಸಿದ್ದಾಗ, ಒಂದು ದುರಸ್ತಿಯಾಗಿ ಇನ್ನೊಂದು ಕೆಟ್ಟು ಬಂದಿತ್ತಂತೆ.

"ಪೆಟಗಿ ಇನ್ನ ಊರ ಬಿಡೂದಿಲ್ಲ, ಮಾಸ್ತರ," ಎಂದರು ಧಣಿಗಳು. "ಮಿಸ್ತ್ರೀನ ಇಲ್ಲಿಗೆ ಕರ್ಕೊಂಡ ಬರ್ರಿ."

ಸೊಲ್ಲಾಪುರದ ರೇಡಿಯೊ ಅಂಗಡಿಯವರು ನನ್ನ ಮಾತು ಕೇಳಿ ತಲೆ ಕೆರೆದುಕೊಂಡರು. ಇಂಥ ನಾಜೂಕಿನ ಕೆಲಸ ಮಾಡುವವರು ಅವರಲ್ಲಿ ಒಬ್ಬರೇ. ಆದರೆ ಆ ಮಿಸ್ತ್ರಿ ತಂತಿಯ ಒಳಗಿನವರು. ಊರ ಅಂಚಿನಲ್ಲಿ ಮುಳ್ಳುತಂತಿ ಹಾಕಿದ ಒಂದು ವಸ್ತಿ ಇತ್ತು. ಜನ ಅದನ್ನು ಸೆಟ್ಲಮೆಂಟ್ ಅನ್ನುತ್ತಿದ್ದರು, ತಾರು ಅಂತಲೂ ಅನ್ನುತ್ತಿದ್ದರು. ಹುಟ್ಟಿದ ಕೂಸು ಕೂಡ ಕಳ್ಳನೇ ಎಂದು ಇಂಗ್ರಜರ ಸರಕಾರ ಬರೆದಿಟ್ಟಿದ್ದ ಜಾತಿಗಳ ಸಂಸಾರಗಳು ಅದರೊಳಗೆ. ಗಂಡಸರು ಹಗಲು ಗಿರಣಿಗೆ ಹೋಗಿ ಸಂಜೆ ಹಾಜರಿಯ ಗಂಟೆಗೆ ಒಳಗೆ ಬರಬೇಕು. ಇಂಗ್ರಜರು ಹೋಗಿದ್ದರು, ಆ ಕಾನೂನೂ ಹೋಯಿತಂತೆ, ಹೋಗುತ್ತದಂತೆ ಎಂಬ ಮಾತಿತ್ತು. ಆದರೆ ತಂತಿ ಇನ್ನೂ ನಿಂತಿತ್ತು, ಗಂಟೆ ಇನ್ನೂ ಬಾರಿಸುತ್ತಿತ್ತು.

ಅಲ್ಲಿಯ ಸಾಹೇಬರೊಬ್ಬರ ರೇಡಿಯೊ ಬಿಚ್ಚಿ ಜೋಡಿಸುತ್ತಲೇ ಮಿಸ್ತ್ರಿ ಈ ವಿದ್ಯೆ ಕಲಿತಿದ್ದರು. ಗಿರಣಿ ಬಿಟ್ಟು ಅಂಗಡಿಯಲ್ಲಿ ಕೂಡಲು ಅವರಿಗೆ ಪಾಸು ಸಿಕ್ಕಿತ್ತು. ಊರ ಹೊರಗೆ ಹೋಗಬೇಕಾದರೆ ಮಾತ್ರ ಯಾರಾದರೂ ಮರ್ಯಾದಸ್ಥರು ಜಾಮೀನು ನಿಲ್ಲಬೇಕು. ನಾನು ಮಾಸ್ತರನಲ್ಲವೆ, ನಿಂತೆ. ಸಂಜೆಯ ಹಾಜರಿಯೊಳಗೆ ತಂದು ಮುಟ್ಟಿಸುತ್ತೇನೆ ಎಂದು ಸೆಟ್ಲಮೆಂಟ್ ಕಚೇರಿಯ ಕಾಗದಕ್ಕೆ ಸಹಿ ಹಾಕಿದೆ. ಗಂಟುಮೂಟೆಗೆ ಬರೆಯುವ ಹಾಗೆ ಬರೆಯುತ್ತಿದ್ದೇನೆ ಎಂದು ಆಗ ನನಗೆ ಅನ್ನಿಸಲಿಲ್ಲ.

ಮಿಸ್ತ್ರಿಗೆ ನಲವತ್ತು ದಾಟಿರಬೇಕು. ತೆಳ್ಳಗಿನ ಮೈ, ದಾರ ಕಟ್ಟಿದ ಚಷ್ಮಾ, ತೊಡೆಯ ಮೇಲೆ ಹತಾರಗಳ ತಗಡಿನ ಪೆಟ್ಟಿಗೆ. ಬೆಳಗಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದರು. ಎಷ್ಟೋ ವರ್ಷದ ಮೇಲೆ ಊರ ಹೊರಗೆ ಬಂದದ್ದಂತೆ. "ಜ್ವಾಳಾ ಆಳೆತ್ತರ ಬೆಳದೈತ್ರಿ," ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ...

ವಾಡೆಯಲ್ಲಿ ಅವರನ್ನು ಪಡಸಾಲೆಯ ಪಕ್ಕದ ಕೋಣೆಯಲ್ಲಿ ಕೂಡಿಸಿದರು. ಇದ್ದಿಲ ಶೇಗಡಿ ಬಂತು, ಚಹಾ ಬಂತು. ಧಣಿಗಳು ಬಾಗಿಲಲ್ಲಿ ನಿಂತು ಕೇಳಿದರು: "ಯಾವ ಕಡೆಯವಪಾ ನೀ?"

"ಸೊಲ್ಲಾಪುರದ ತಾರಿನೊಳಗಿನವ್ರಿ," ಎಂದರು ಮಿಸ್ತ್ರಿ, ಕೈಯ ಕೆಲಸ ಬಿಡದೆ.

ಧಣಿಗಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಚಲೋ ಮಾಡು," ಎಂದು ಹೊರಗೆ ಬಂದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಸರಪಳಿ ಏರಿಸಿ ಕೀಲಿ ಹಾಕಿದರು. ಸಪ್ಪಳವೇ ಆಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಭುಜದ ಮೇಲೆ ಕೈ ಇಟ್ಟರು. "ಮನ್ಯಾಗ ಹೆಣ್ಮಕ್ಕಳ ಅದಾರ, ದಾಗೀನಾ ಅದಾವ. ನಿಮಗ ತಿಳೀತೈತಿ, ಮಾಸ್ತರ. ಹೊಲಕ್ಕ ಹೋಗಿ ಮಧ್ಯಾನ್ನದಾಗ ಬಂದಬಿಡ್ತೀನಿ." ಕೀಲಿಕೈಯನ್ನು ನಡುವಿನ ಉಡಿದಾರಕ್ಕೆ ಸಿಕ್ಕಿಸಿಕೊಂಡು ಹೊರಟುಹೋದರು.

ನಾನು ಅಂಗಳಕ್ಕೆ ತೆರೆದ ಕಿಡಕಿಯ ಕಟ್ಟೆಯ ಮೇಲೆ ಕೂತೆ. ಸರಳುಗಳ ಆಚೆ ಮಿಸ್ತ್ರಿ ರೇಡಿಯೊದ ಹಿಂಬದಿ ಬಿಚ್ಚಿ, ಒಂದು ಗಾಜಿನ ಬುರುಡೆಯನ್ನು ಎರಡು ಬೆರಳಲ್ಲಿ ಹೊರತೆಗೆದರು. ಅದಕ್ಕೆ ವಾಲ್ವ್ ಅನ್ನುತ್ತಾರೆಂದು ಅವರೇ ಹೇಳಿದರು. ಬುರುಡೆಯ ಬುಡಕ್ಕೆ ಕಂದು ಬಣ್ಣದ ಟೋಪಿ, ಟೋಪಿಗೆ ಪೊಳ್ಳು ಕಾಲುಗಳು. ಬಿದ್ದ ಹೊಡೆತಕ್ಕೆ ಗಾಜು ಒಡೆದಿರಲಿಲ್ಲ, ಆದರೆ ಟೋಪಿ ಸಡಿಲಾಗಿ, ಒಳಗಿನಿಂದ ಒಂದು ಕಾಲಿಗೆ ಬರುವ ಕೂದಲೆಳೆಯಂಥ ತಂತಿ ಹರಿದಿತ್ತು. ತಾಮ್ರದ ಮೂತಿಯ ಬೆಸುಗೆ ಸಳಿಯನ್ನು ಇದ್ದಿಲಲ್ಲಿ ಕಾಯಿಸಿ ಒಂದೊಂದೇ ಕಾಲಿನ ತುದಿಗೆ ಮುಟ್ಟಿಸಿದರು. ಹಳೆಯ ತವರ ಹನಿಯಾಗಿ ಉದುರಿ, ಟೋಪಿ ಕೈಗೆ ಬಂತು. ಮೋಟುತಂತಿಗೆ ಇನ್ನೊಂದು ಎಳೆ ಸೇರಿಸಬೇಕಿತ್ತು. ಉಸಿರು ಬಿಗಿಹಿಡಿದರು. ರಾಳದ ಚೂರು ಸುಟ್ಟು ಒಂದು ಎಳೆ ಹೊಗೆ ಎದ್ದಿತು, ಅಷ್ಟೇ. ಅಷ್ಟು ಸಣ್ಣ ಬೆಸುಗೆಯನ್ನು ನಾನು ಅಕ್ಕಸಾಲಿಗರ ಕೈಯಲ್ಲೂ ನೋಡಿರಲಿಲ್ಲ. ಆಮೇಲೆ ಎಲ್ಲ ತಂತಿಗಳನ್ನೂ ಪೊಳ್ಳು ಕಾಲುಗಳೊಳಗೆ ಪೋಣಿಸಿ, ತುದಿಗೆ ತವರ ತುಂಬಿ, ಟೋಪಿಯ ಅಂಚಿಗೆ ಚಪಡಾದ ಅಂಟು ಸವರಿ, ದಾರ ಸುತ್ತಿ ಕಟ್ಟಿದರು.

"ಇನ್ನ ಇದು ಒಣಗೂತನಕ ನಮಗೇನ ಕೆಲಸಿಲ್ರಿ," ಎಂದು ನಕ್ಕರು. ವಾಲ್ವ್ ಕೂಡುವ ಗೂಡಿನ ಸಡಿಲ ಹಲ್ಲುಗಳನ್ನು ಸೂಜಿಯಿಂದ ಬಿಗಿ ಮಾಡುತ್ತ ಕೂತರು. ಚಪಡಾದ ವಾಸನೆ ಸರಳುಗಳ ನಡುವಿನಿಂದ ನನ್ನ ಕಡೆ ಬರುತ್ತಿತ್ತು.

ಮಧ್ಯಾಹ್ನ ದಾಟಿತು. ಧಣಿಗಳು ಬರಲಿಲ್ಲ. ಮಿಸ್ತ್ರಿ ದಾರ ಬಿಚ್ಚಿ, ವಾಲ್ವನ್ನು ಗೂಡಿನಲ್ಲಿ ಒತ್ತಿ, ಗುಂಡಿ ತಿರುಗಿಸಿದರು. ಕರ್‍ರೆಂದು ಕೆಮ್ಮಿ, ಒಂದು ಹೆಣ್ಣು ದನಿ ಹಾಡತೊಡಗಿತು. ಒಳಗಿನಿಂದ ಮುದುಕಮ್ಮ "ಮಾತಾಡ್ತೇನ ನನ್ನ ಪೆಟಗಿ?" ಎಂದು ಗೋಡೆ ಹಿಡಿದುಕೊಂಡು ಬರುವ ಸಪ್ಪಳ ಕೇಳಿತು. ಮಿಸ್ತ್ರಿ ಎದ್ದು ಬಾಗಿಲು ತಳ್ಳಿದರು. ಸರಪಳಿ ಬಿಗಿಯುವಷ್ಟು ಸರಿದು ನಿಂತಿತು.

"ಮಾಸ್ತರ್ರ, ಹೊರಗಿಂದ ಹಾಕ್ಯಾರೇನ್ರಿ?"

"ಗಾಳಿಗೆ ಬಾಗಲಾ ಬಡೀತೈತಿ ಅಂತ..." ಎಂದೆ.

ಅವರು ಸಂದಿಯಲ್ಲಿ ಕಣ್ಣಿಟ್ಟು ನೋಡಿದರು. "ಕೀಲೀನೂ ಗಾಳೀನ ಹಾಕೇತೇನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲಕ್ಕೆ ಓಡಿದೆ. ಧಣಿಗಳು ಅಲ್ಲಿಂದಲೇ ಎರಡು ಹರದಾರಿ ಆಚೆಯ ಬೀಗರ ಮನೆಗೆ ಚಕ್ಕಡಿ ಕಟ್ಟಿಸಿಕೊಂಡು ಹೋಗಿದ್ದರು. ತಿರುಗಿ ಓಡಿ ಬಂದೆ. ಸೊಲ್ಲಾಪುರದ ಕೊನೆಯ ಬಸ್ಸು ನಾಲ್ಕಕ್ಕೆ. ಮುದುಕಮ್ಮ ಬಾಗಿಲ ಮುಂದೆಯೇ ಕೂತು, ಸರಪಳಿಯ ಕೀಲಿಯನ್ನು ಬೆರಳಿನಿಂದ ತಡಕಾಡುತ್ತಿದ್ದರು. ಮಿಸ್ತ್ರಿ ಅವರಿಗೆ ಹಾಜರಿಯ ವಿಷಯ ಹೇಳಿದ್ದರೆಂದು ಕಾಣುತ್ತದೆ.

"ಮಾಸ್ತರ, ಹಿತ್ತಲದಾಗ ಹಾರಿ ಐತಿ. ಕೊಂಡಿ ಕೀಳ್ರಿ," ಎಂದರು. "ಆ ಮನಶ್ಯಾ ಹೋಗಬೇಕಂತ. ನನ್ನ ಮಗಾ ಕೇಳಿದ್ರ ನಾ ಹೇಳೀನಂತ ಹೇಳ್ರಿ."

ಹಿತ್ತಲಿಂದ ಕಬ್ಬಿಣದ ಹಾರೆ ತಂದೆ. ಈಗಲೂ ಅದರ ತೂಕ ಕೈಗೆ ತಿಳಿಯುತ್ತದೆ. ಕೊಂಡಿಯ ಸಂದಿಗೆ ಅದರ ಮೂತಿ ಇಟ್ಟೆ ಕೂಡ. ಹಳೆಯ ಕಟ್ಟಿಗೆ, ಒಂದು ಸಲ ಮೀಟಿದ್ದರೆ ಸಾಕಾಗಿತ್ತು. ಆದರೆ ಕಾಯಂ ಆಗದ ನೌಕರಿ, ಕಮಿಟಿ, ನಾನು ಮಲಗುವ ಖೋಲಿ, ಊರಲ್ಲಿ ನಾನು ಕಳಿಸಿದ್ದರಲ್ಲಿ ಉಣ್ಣುತ್ತಿದ್ದ ತಂಗಿಯರು... ಎಲ್ಲ ಒಮ್ಮೆಲೆ ಕೈಗೆ ಬಂದು ಜೋತುಬಿದ್ದವು. ಸಂದಿಯ ಆಚೆ ಮಿಸ್ತ್ರಿಯ ಚಷ್ಮಾ ಕಾಣುತ್ತಿತ್ತು. "ಧಣ್ಯಾರು ಈಗ ಬರ್ತಾರ್ರಿ, ಅವ್ವಾರ," ಎಂದು ಹಾರೆಯನ್ನು ಗೋಡೆಗೆ ಆನಿಸಿಟ್ಟೆ. ಮುದುಕಮ್ಮ ಕುರುಡುಗಣ್ಣನ್ನು ನನ್ನತ್ತ ತಿರುಗಿಸಿ, ಕೀಲಿಯ ಮೇಲಿನ ಕೈ ತೆಗೆದರು. ಒಳಗೆ ರೇಡಿಯೊ ಹಾಡುತ್ತಲೇ ಇತ್ತು. ಮಿಸ್ತ್ರಿ ಹೋಗಿ ಅದನ್ನು ಬಂದ್ ಮಾಡಿದರು.

ಧಣಿಗಳು ಬಂದಾಗ ದೀಪ ಹಚ್ಚುವ ಹೊತ್ತು. "ತಡಾ ಆತು, ಬೀಗರು ಬಿಡ್ಲಿಲ್ಲ," ಎನ್ನುತ್ತ ಕೀಲಿ ತೆಗೆದರು. ಊಟ ಮಾಡಿ ಇಲ್ಲೇ ಮಲಗೆಂದರು. ಅದು ನಿಜವಾದ ಉಪಚಾರವೇ ಆಗಿತ್ತು. ಮಿಸ್ತ್ರಿ ಮುದುಕಮ್ಮನಿಗೆ ಮಾತ್ರ ಕೈ ಮುಗಿದು, ಹತಾರಗಳ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು, ಸೊಲ್ಲಾಪುರದ ರಸ್ತೆ ಹಿಡಿದು ನಡೆಯತೊಡಗಿದರು. ಊರ ಹೊರಗಿನ ಸುಂಕದ ನಾಕೆಯವರೆಗೆ ನಾನೂ ಬೆನ್ನುಹತ್ತಿದೆ. "ನೀವ್ಯಾಕ್ರಿ, ಮಾಸ್ತರ್ರ. ತಿರುಗ್ರಿ," ಎಂದರು. ತಿರುಗಿದೆ.

ಎರಡು ದಿನ ಬಿಟ್ಟು ಕಚೇರಿಯಿಂದ ಕರೆ ಬಂತು. ಹೊರಡುವಾಗ ಧಣಿಗಳು ಹೆಬ್ಬಾಗಿಲಲ್ಲಿ ನಿಂತು, "ಮನಿ ಮಾತು ಮನ್ಯಾಗ ಇರ್ಲಿ, ಮಾಸ್ತರ," ಎಂದರು. ಕಚೇರಿಯಲ್ಲಿ ಕಾರಕೂನ ಒಂದು ಹಾಳೆ ಮುಂದಿಟ್ಟು, ತಡವಾದ ಕಾರಣ ಬರೆಯಿರಿ ಎಂದ. ಮಿಸ್ತ್ರಿ ಅಲ್ಲಿರಲಿಲ್ಲ. ಮರಾಠಿಯಲ್ಲಿ ಒಂದೇ ಸಾಲು ಬರೆದೆ, ಗಾಡಿ ತಪ್ಪಿತು ಎಂದು. ಸಹಿ ಮಾಡಿ, ತಂತಿಯ ಪಕ್ಕದ ದಾರಿಯಲ್ಲಿ ತಲೆ ತಗ್ಗಿಸಿಕೊಂಡು ಬಂದುಬಿಟ್ಟೆ.

ಹಾಜರಿ ತಪ್ಪಿಸಿದ್ದಕ್ಕೆ ಮಿಸ್ತ್ರಿಯ ಪಾಸು ಕಿತ್ತುಕೊಂಡರೆಂದು ಮುಂದಿನ ತಿಂಗಳು ಅಂಗಡಿಯವರಿಂದ ತಿಳಿಯಿತು. ಮತ್ತೆ ಗಿರಣಿಗೆ ಹಾಕಿದ್ದರು, ಹತ್ತಿಯ ಗಂಟು ಬಿಚ್ಚುವ ಧೂಳಿನ ಖಾತೆಗೆ. ಅಂಗಡಿಯವರು ಎರಡು ತಿಂಗಳು ಕಾದು ಬೇರೆಯವರನ್ನು ಇಟ್ಟುಕೊಂಡರು. ನನ್ನ ನೌಕರಿ ಆ ವರ್ಷವೇ ಕಾಯಂ ಆಯಿತು. ಮುದುಕಮ್ಮ ಮಾತ್ರ ಆಮೇಲೆ ನನ್ನನ್ನು ಒಂದು ದಿನವೂ ಒಳಗೆ ಕರೆಯಲಿಲ್ಲ.

ಮುಂದೆ ತಂತಿ ಕಿತ್ತರು. ಆ ಸುದ್ದಿ ಕೇಳಿ ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ನಾಲ್ಕೈದು ವರ್ಷಗಳ ನಂತರ, ಸಾಲೆಯ ಪುಸ್ತಕ ತರಲು ಸೊಲ್ಲಾಪುರಕ್ಕೆ ಹೋದಾಗ, ಸ್ಟೇಶನ್ನಿನ ಹೊರಗೆ ಬೇವಿನ ಮರದ ಕೆಳಗೆ ಮಿಸ್ತ್ರಿ ಕೂತಿದ್ದರು. ಅದೇ ತಗಡಿನ ಪೆಟ್ಟಿಗೆ. ಸುತ್ತ ಮುರಿದ ಕೊಡೆಗಳು, ಕಂದೀಲುಗಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, ಕೂಡಲು ಗೋಣಿತಟ್ಟು ಸರಿಸಿದರು.

"ರೇಡಿಯೊ ಬಿಟ್ರೇನ್ರಿ?" ಎಂದೆ.

ಬಲಗೈ ಚಾಚಿ ತೋರಿಸಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಬಾಗಿ ಕೆಮ್ಮಿ, ಬಾಯಿ ಒರೆಸಿಕೊಂಡರು. "ಕೊಡಿಗಿ ನಡೀತೈತ್ರಿ. ವಾಲ್ವಿಗಿ ನಡ್ಯಾಂಗಿಲ್ಲ."

ಎಷ್ಟೋ ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದನ್ನು ಹೇಳಲು ಹೋದೆ. "ಅವತ್ತ ಕಚೇರಿಯೊಳಗ ನಾನು..."

"ಗಾಡಿ ಚುಕ್ಲಿ," ಎಂದರು ಅವರು, ನಾನು ಬರೆದಿದ್ದ ಮರಾಠಿಯಲ್ಲೇ. "ಓದೀನ್ರಿ. ಅದರ ಕೆಳಗ ನಂದೂ ಸಹಿ ತೊಗೊಂಡ್ರು, ಖರೆ ಐತಿ ಅಂತ."

"ನೀವರೆ ಹೇಳಬೇಕಿತ್ತಲ್ರಿ, ಕೀಲಿ ಹಾಕಿದ್ರು ಅಂತ."

ಅವರು ಕೊಡೆಯ ಕಡ್ಡಿಯೊಂದನ್ನು ನೆಟ್ಟಗೆ ಮಾಡುತ್ತಿದ್ದವರು ತಲೆ ಎತ್ತಿದರು. "ನಾ ಹೇಳಿದ್ರ, ಏನ ಕದ್ದಿದ್ದಿ ಅಂತ ಕೇಳ್ತಿದ್ರು, ಮಾಸ್ತರ್ರ. ಆ ಮಾತ ನಿಮ್ಮ ಬಾಯಿಂದ ಬಂದಿದ್ರಷ್ಟ ಖರೆ ಆಗ್ತಿತ್ತು."

ಅಷ್ಟು ಹೇಳಿ ಚಹಾ ತರಿಸಿದರು. ಕುಡಿದೆ.

ಮತ್ತೆ ಅವರನ್ನು ನೋಡಲಾಗಲಿಲ್ಲ. ಮರುವರ್ಷ ಹೋದಾಗ ಮರದ ಕೆಳಗೆ ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ಕೆಮ್ಮಿನಲ್ಲೇ ಹೋದರೆಂದು ಗಾಡಿಯವ ಹೇಳಿದ. ಈಗ ವಾಡೆಯೂ ಮಾರಿಹೋಗಿದೆ, ಧಣಿಗಳಿಲ್ಲ, ಮುದುಕಮ್ಮನಿಲ್ಲ, ಆ ಹಾಳೆ ಯಾವ ರದ್ದಿಯಲ್ಲಿ ಹೋಯಿತೋ. ನಾನು ಸಾವಿರಾರು ಮಕ್ಕಳಿಗೆ ತಪ್ಪಿಲ್ಲದೆ ಬರೆಯುವುದನ್ನು ಕಲಿಸಿ ನಿವೃತ್ತನಾದವನು.

ಅವತ್ತು ಗಾಡಿ ತಪ್ಪಿರಲಿಲ್ಲ. ನಾಲ್ಕರ ಬಸ್ಸು ಹೊತ್ತಿಗೆ ಸರಿಯಾಗಿ ಬಂದು, ಜನರನ್ನು ಹತ್ತಿಸಿಕೊಂಡು, ಹೋಯಿತು. ಮಿಸ್ತ್ರಿಯ ಕೆಲಸ ಅದಕ್ಕೂ ಬಹಳ ಮೊದಲೇ ಮುಗಿದಿತ್ತು. ನಾವು ಅವರನ್ನು ಕೋಣೆಯಲ್ಲಿ ಕೂಡಿಹಾಕಿದ್ದೆವು. ಬರೆಯಬೇಕಾಗಿದ್ದದ್ದು ಇಷ್ಟೇ. ಇದನ್ನು ಓದಿ ಅವರಿಗೊಂದು ಪಾಸು ಬರೆದುಕೊಡಬಲ್ಲವರು ಈಗ ಯಾರೂ ಉಳಿದಿಲ್ಲ...